ಓಡದ ಉದಾಹರಣೆಗೆ ರೆಫರೆನ್ಸ್‌ನಲ್ಲಿ ಜಾಗವಿಲ್ಲ: ನನ್ನ ಅನುಭವ

ಹಾಸನದಲ್ಲಿ ಕೂತು ನಾವು ನಾಲ್ಕೈದು ಜನ ನೋಡಿಕೊಳ್ಳುತ್ತಿರುವುದು ಪೈಥಾನ್‌ನ ಒಂದು ಸಣ್ಣ ಓಪನ್ ಸೋರ್ಸ್ ಟೆಸ್ಟಿಂಗ್ ಲೈಬ್ರರಿ. ಡಾಕ್‌ಸ್ಟ್ರಿಂಗ್‌ನಲ್ಲಿ, ಅಂದರೆ ಕೋಡ್ ಒಳಗೇ ಬರೆದು ರೆಫರೆನ್ಸ್ ಪುಟಕ್ಕೆ ಹೋಗುವ ವಿವರಣೆಯಲ್ಲಿ, ಇರುವ ಉದಾಹರಣೆ ಓಡದಿದ್ದರೆ ಪುಲ್ ರಿಕ್ವೆಸ್ಟ್ (ಕಳಿಸಿದ ಬದಲಾವಣೆ) ಮರ್ಜ್ ಮಾಡುವುದಿಲ್ಲ ಎಂದಾಗ "ಇರೋ ನಾಲ್ಕು ಜನಾನೂ ಓಡಿಹೋಗ್ತಾರೆ ನೋಡಿ" ಎಂದವರೇ ಹೆಚ್ಚು. ಯಾರೂ ಹೋಗಲಿಲ್ಲ. ಮುಂಚೆ ಪ್ರತಿ ರಿಲೀಸ್ ಬೆನ್ನಿಗೇ "ಡಾಕ್ಸ್‌ನಲ್ಲಿ ಒಂದಿದೆ, ಕೋಡ್ ಇನ್ನೊಂದು ಮಾಡ್ತಿದೆ" ಎಂಬ ಇಶ್ಯೂ ಹತ್ತು ಹನ್ನೆರಡಾದರೂ ಬರುತ್ತಿದ್ದವು. ಈಚಿನ ಮೂರ್ನಾಲ್ಕು ರಿಲೀಸ್‌ಗಳಲ್ಲಿ ಅಂಥದ್ದು ಒಂದೂ ಬಂದಿಲ್ಲ.

ಡಾಕ್ಸ್ ಬರೆಯಲು ನಾವು ಮುಂಚೆ ಹಿಡಿದ ದಾರಿಗಳು ಕೆಟ್ಟಿದ್ದಕ್ಕೆ ಕಾರಣ ಸ್ಪಷ್ಟ. ವಿಕಿಯಲ್ಲಿ ಯಾವ ಪುಟ ಯಾವ ಆವೃತ್ತಿಯದು ಎಂದು ತಿಳಿಯುತ್ತಿರಲಿಲ್ಲ. ಡಾಕ್ಸ್‌ಗೇ ಬೇರೆ ರೆಪೊಸಿಟರಿ ಮಾಡಿದಾಗ ಕೋಡ್ ಬದಲಾವಣೆ ಒಂದು ಕಡೆ, ಪುಟದ ಬದಲಾವಣೆ ಇನ್ನೊಂದು ಕಡೆ. ಎರಡನೆಯ ಪುಲ್ ರಿಕ್ವೆಸ್ಟ್ ಕಳಿಸುವವರೇ ಇರಲಿಲ್ಲ. ನಡುವೆ ಹೊರಗಿನವರಿಂದ ಬರೆಸಿದ್ದಕ್ಕೆ ದೇಣಿಗೆ ಹಣದಲ್ಲಿ ನಲವತ್ತು ಸಾವಿರದ ಹತ್ತಿರ ಹೋಯಿತು. ಬರಹ ಚೆನ್ನಾಗಿಯೇ ಇತ್ತು, ಮುಂದಿನ ರಿಲೀಸ್ ಹೊತ್ತಿಗೆ ಅರ್ಧ ಹಳತಾಯಿತು. ಈಗ ಖರ್ಚು ಅಂದರೆ ಡೊಮೈನ್‌ಗೆ ವರ್ಷಕ್ಕೆ ಸಾವಿರದ ಚಿಲ್ಲರೆ. ಪಬ್ಲಿಕ್ ರೆಪೊಸಿಟರಿಗೆ ಗಿಟ್‌ಹಬ್ ಆಕ್ಷನ್ಸ್ (ತಪಾಸಣೆಗಳನ್ನು ತಾನಾಗಿ ಓಡಿಸುವ ಸೇವೆ) ಹೇಗೂ ಪುಕ್ಕಟೆ.

ಡಾಕ್ಸ್ ಪುಟ ಕಟ್ಟುವ ಸ್ಫಿಂಕ್ಸ್, ಡಾಕ್‌ಸ್ಟ್ರಿಂಗ್‌ಗಳನ್ನು ಅದಕ್ಕೆ ಎಳೆದುಕೊಡುವ ಆಟೋಡಾಕ್ ಎಲ್ಲರೂ ಹಾಕಿರುತ್ತಾರೆ. ನಮಗೆ ಕೆಲಸಕ್ಕೆ ಬಂದದ್ದು ಡಾಕ್‌ಟೆಸ್ಟ್‌ನ ಬಿಗಿ: ಅದು ಉದಾಹರಣೆಯನ್ನು ಓಡಿಸಿ, ಬಂದ ಔಟ್‌ಪುಟ್ಟನ್ನು ಬರೆದಿಟ್ಟದ್ದರ ಜೊತೆ ಹೋಲಿಸುತ್ತದೆ. ಟೆಸ್ಟಿಂಗ್ ಲೈಬ್ರರಿಯ ಔಟ್‌ಪುಟ್‌ನಲ್ಲಿ ಓಟದಿಂದ ಓಟಕ್ಕೆ ಬದಲಾಗುವುದು ಮುಖ್ಯವಾಗಿ ಮೂರು: ಹಿಡಿದ ಸಮಯ, ಆಬ್ಜೆಕ್ಟ್‌ನ ಮೆಮೊರಿ ವಿಳಾಸ, ಸೆಟ್ ಒಳಗಿನ ಕ್ರಮ. ಮೊದಲೆರಡಕ್ಕೆ ಎಲಿಪ್ಸಿಸ್ (ಆ ಜಾಗದಲ್ಲಿ ಏನಿದ್ದರೂ ಸರಿ ಎನ್ನುವ ಮೂರು ಚುಕ್ಕಿ) ಸಾಕು. ಆದರೆ ಔಟ್‌ಪುಟ್‌ನ ಮೊದಲ ಸಾಲಿನ ಶುರುವಿನಲ್ಲೇ ಮೂರು ಚುಕ್ಕಿ ಇಟ್ಟರೆ ಡಾಕ್‌ಟೆಸ್ಟ್ ಅದನ್ನು ಮುಂದುವರಿದ ಕೋಡ್ ಎಂದು ಓದುತ್ತದೆ, ಅಲ್ಲಿ ಚುಕ್ಕಿಗಳು ಸಾಲಿನ ಶುರು ಬಿಟ್ಟು ಮುಂದೆಲ್ಲಾದರೂ ಬರಬೇಕು. ಸೆಟ್ ಆದರೆ ಸಾರ್ಟ್ ಮಾಡಿ ತೋರಿಸಬೇಕು. ಸ್ಟ್ರಿಂಗ್‌ಗಳ ಹ್ಯಾಶ್ ಪ್ರತಿ ಪ್ರಾಸೆಸ್‌ಗೂ ಬೇರೆ, ಹಾಗಾಗಿ ಇವತ್ತು ಪಾಸ್ ಆದದ್ದು ನಾಳೆ ಫೇಲ್. ಔಟ್‌ಪುಟ್‌ನಲ್ಲಿ ಖಾಲಿ ಸಾಲಿದ್ದರೆ ಬ್ಲ್ಯಾಂಕ್‌ಲೈನ್ ಗುರುತು ಹಾಕಲೇಬೇಕು, ಇಲ್ಲದಿದ್ದರೆ ನಿರೀಕ್ಷಿತ ಔಟ್‌ಪುಟ್ ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತದೆ.

ಎಕ್ಸೆಪ್ಶನ್ ವಿಚಾರದಲ್ಲಿ ನಾನು ಜಗ್ಗುವುದಿಲ್ಲ. ಟ್ರೇಸ್‌ಬ್ಯಾಕ್‌ನ ನಡುವಿನ ಸಾಲುಗಳನ್ನು ಡಾಕ್‌ಟೆಸ್ಟ್ ತಾನಾಗಿಯೇ ಬಿಡುತ್ತದೆ, ಹೋಲಿಸುವುದು ಎಕ್ಸೆಪ್ಶನ್ ಹೆಸರು ಮತ್ತು ಸಂದೇಶವನ್ನು. ಸಂದೇಶವನ್ನೂ ಬಿಡಿಸುವ ಆಯ್ಕೆ ಇದೆ. ನಮ್ಮಲ್ಲಿ ಅದಕ್ಕೆ ನಿಷೇಧ. ಅಸರ್ಷನ್ ಬಿದ್ದಾಗ ಕಾಣುವ ಸಂದೇಶವೇ ಟೆಸ್ಟಿಂಗ್ ಲೈಬ್ರರಿಯ ಸರಕು, ಬಳಸುವವರು ಹುಡುಕುವುದೂ ಅದೇ ಸಾಲನ್ನು. ಉದಾಹರಣೆಯನ್ನು ಓಡಿಸದೆ ಬಿಡಿಸುವ ಸ್ಕಿಪ್ ಗುರುತಿಗೂ ಅಷ್ಟೇ, ಸಿಐನಲ್ಲೇ (ತಾನಾಗಿ ಓಡುವ ತಪಾಸಣೆಯಲ್ಲೇ) ಹಿಡಿದು ಹಾಕುತ್ತೇವೆ.

ಫಿಕ್ಸ್‌ಚರ್ (ಟೆಸ್ಟ್‌ಗೆ ಮುಂಚಿನ ಸಿದ್ಧತೆ) ಬೇಕಾದ ಉದಾಹರಣೆಗಳನ್ನು ಡಾಕ್‌ಸ್ಟ್ರಿಂಗ್‌ಗೆ ತುರುಕಬಾರದು. ಅವನ್ನು ನಿಜವಾದ ಟೆಸ್ಟ್ ಫೈಲ್‌ನಲ್ಲಿಟ್ಟು ಸ್ಫಿಂಕ್ಸ್‌ನ ಲಿಟರಲ್‌ಇನ್‌ಕ್ಲೂಡ್‌ನಿಂದ ಪುಟಕ್ಕೆ ಎಳೆದುಕೊಳ್ಳುತ್ತೇವೆ. ಸಾಲಿನ ಸಂಖ್ಯೆ ಕೊಟ್ಟು ಎಳೆದರೆ, ಮೇಲೊಂದು ಇಂಪೋರ್ಟ್ ಸೇರಿದ ಕೂಡಲೇ ಪುಟದಲ್ಲಿ ಅರ್ಧ ಫಂಕ್ಷನ್ ಕಾಣುತ್ತದೆ, ಬಿಲ್ಡ್ ಮಾತ್ರ ಹಸಿರಾಗಿಯೇ ಇರುತ್ತದೆ. ಆದ್ದರಿಂದ ಕಾಮೆಂಟ್ ಗುರುತು ಹಾಕಿ ಸ್ಟಾರ್ಟ್-ಆಫ್ಟರ್, ಎಂಡ್-ಬಿಫೋರ್ ಬಳಸಿ. ಇನ್ನೊಂದು ಫಂಕ್ಷನ್‌ಗೆ ಹೊದಿಕೆಯಾಗುವ ಡೆಕೊರೇಟರ್‌ಗಳಿಗೆ ಫಂಕ್‌ಟೂಲ್ಸ್‌ನ ರ್‍ಯಾಪ್ಸ್ ತಪ್ಪದೆ ಬೇಕು. ಅದಿಲ್ಲದಿದ್ದರೆ ಡಾಕ್‌ಸ್ಟ್ರಿಂಗ್ ಹೋಗುತ್ತದೆ, ಸಿಗ್ನೇಚರ್ ಜಾಗದಲ್ಲಿ ಬರೀ ಆರ್ಗ್ಸ್, ಕ್ವಾರ್ಗ್ಸ್ ಉಳಿಯುತ್ತದೆ.

ಬಿಲ್ಡ್‌ಗೆ ಡಬ್ಲ್ಯೂ ಫ್ಲ್ಯಾಗ್, ಅಂದರೆ ವಾರ್ನಿಂಗ್ ಬಂದರೆ ಬಿಲ್ಡ್ ಫೇಲ್. 8.1ಕ್ಕಿಂತ ಹಳೆಯ ಸ್ಫಿಂಕ್ಸ್ ಆದರೆ ಕೀಪ್-ಗೋಯಿಂಗ್ ಕೂಡ ಸೇರಿಸಿ, ಇಲ್ಲದಿದ್ದರೆ ಮೊದಲ ವಾರ್ನಿಂಗ್‌ಗೇ ನಿಂತುಬಿಡುತ್ತದೆ. ನಿಟ್‌ಪಿಕಿ (ಗುರಿ ಸಿಗದ ಪ್ರತಿ ಉಲ್ಲೇಖಕ್ಕೂ ವಾರ್ನಿಂಗ್ ಕೊಡುವ ಆಯ್ಕೆ) ಹಾಕಿದಾಗ ನಾನೂರರ ಆಸುಪಾಸು ವಾರ್ನಿಂಗ್ ಬಂದವು. ಎಲ್ಲವನ್ನೂ ನಿಟ್‌ಪಿಕ್-ಇಗ್ನೋರ್ ಪಟ್ಟಿಗೆ ಹಾಕಿ, ಹೊಸದು ಸೇರದ ಹಾಗೆ ಬೀಗ ಜಡಿದು, ರಿಲೀಸ್‌ಗೆ ಇಷ್ಟಿಷ್ಟು ಕಳೆಯುತ್ತಾ ಬಂದೆವು. ಈಗ ಮೂವತ್ತರೊಳಗಿವೆ. ಇನ್ನೊಂದು ಪುಟ್ಟ ಸ್ಕ್ರಿಪ್ಟ್, ಮಾಡ್ಯೂಲ್‌ನ ಪಬ್ಲಿಕ್ ಹೆಸರುಗಳನ್ನು ಸ್ಫಿಂಕ್ಸ್ ಕೊಡುವ ಆಬ್ಜೆಕ್ಟ್ಸ್ ಇನ್ವೆಂಟರಿ (ಪುಟಗಳಲ್ಲಿರುವ ಹೆಸರುಗಳ ಪಟ್ಟಿ) ಜೊತೆ ತಾಳೆ ನೋಡುತ್ತದೆ. ಪುಟವಿಲ್ಲದ ಹೆಸರು ಸಿಕ್ಕರೆ ಅಲ್ಲೇ ತಡೆ. ಅಸರ್ಷನ್ ಬಿದ್ದಾಗಿನ ಸಂದೇಶದಿಂದ ನೇರ ಅದರ ಪುಟಕ್ಕೆ ಕರೆದೊಯ್ಯುವ ಒಂದು ಉಪಾಯವೂ ಇದೆ. ಅದನ್ನು ಸದ್ಯಕ್ಕೆ ಇಲ್ಲಿ ಬಿಚ್ಚುವುದಿಲ್ಲ, ಇನ್ನೂ ಮಾಗಬೇಕು.

ಸಕಲೇಶಪುರದ ಕಡೆಯಿಂದ ಕೆಲಸ ಮಾಡುವವರಿಗೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಬೇರೆ ಪ್ರಾಜೆಕ್ಟ್‌ಗಳ ಡಾಕ್ಸ್‌ಗೆ ಕೊಂಡಿ ಹಾಕುವ ಇಂಟರ್‌ಸ್ಫಿಂಕ್ಸ್ ಪೈಥಾನ್ ಇನ್ವೆಂಟರಿಯನ್ನು ನೆಟ್‌ನಿಂದ ತರಲು ಹೋಗಿ ಸೋತರೆ ವಾರ್ನಿಂಗ್, ಡಬ್ಲ್ಯೂ ಇರುವುದರಿಂದ ಬಿಲ್ಡ್ ಫೇಲ್. ಆ ಫೈಲನ್ನು ರೆಪೊಸಿಟರಿಯಲ್ಲೇ ಇಟ್ಟು, ಮ್ಯಾಪಿಂಗ್‌ನ ಎರಡನೇ ಜಾಗದಲ್ಲಿ ಅದರ ಪಾತ್ ಕೊಟ್ಟರೆ ಆಯಿತು. ಹೊರಗಿನ ಕೊಂಡಿಗಳನ್ನು ನೋಡುವ ಲಿಂಕ್‌ಚೆಕ್ ಬೇರೆ ಜಾಬ್, ವಾರಕ್ಕೊಮ್ಮೆ. ಅದನ್ನು ಮರ್ಜ್‌ಗೆ ಕಟ್ಟಿಹಾಕಬೇಡಿ, ಯಾರದೋ ಸೈಟ್ ಬಿದ್ದಿದ್ದಕ್ಕೆ ನಮ್ಮ ಕೆಲಸ ನಿಲ್ಲುತ್ತದೆ.

ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಸ್ಫಿಂಕ್ಸ್‌ನ ಗೆಟ್‌ಟೆಕ್ಸ್ಟ್ ಬಿಲ್ಡರ್ ಕೊಡುವ ಪಿಒಟಿ ಫೈಲ್‌ನಿಂದ ಪಿಒ (ಅನುವಾದದ) ಫೈಲ್ ಮಾಡಿ ಕನ್ನಡವನ್ನೂ ಪ್ರಯತ್ನಿಸಿದೆವು. ಮೂಲದಲ್ಲಿ ಒಂದು ಪದ ತಿದ್ದಿದರೂ ಆ ತುಣುಕು ಫಝಿ (ಅನುವಾದ ಮತ್ತೆ ನೋಡಬೇಕು ಎಂಬ ಗುರುತು) ಆಗುತ್ತದೆ, ಸ್ಫಿಂಕ್ಸ್ ಅದನ್ನು ಬಿಟ್ಟು ಇಂಗ್ಲಿಷನ್ನೇ ತೋರಿಸುತ್ತದೆ. ರೆಫರೆನ್ಸ್ ಪ್ರತಿ ರಿಲೀಸ್‌ಗೂ ಬದಲಾಗುವುದರಿಂದ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಯಿತು. ಕಲಿಕೆಯ ಪುಟಗಳು ಅಷ್ಟಾಗಿ ಬದಲಾಗುವುದಿಲ್ಲ. ಅವನ್ನು ಮಾತ್ರ ಕನ್ನಡದಲ್ಲಿ ಉಳಿಸಿಕೊಂಡಿದ್ದೇವೆ, ಏಳೆಂಟು ಪುಟ ಸಿದ್ಧವಿವೆ.