ಬ್ರಿಟನ್ನಿನಲ್ಲಿ ಪಾರ್ಟ್ ಟೈಮ್ ಕೆಲಸ: ಸಂಬಳದ ರಜೆ ಲೆಕ್ಕ ಹಾಕುವುದು ಹೇಗೆ?

ವಾರಕ್ಕೆ ಎರಡು ದಿನ ಅಂಗಡಿಯಲ್ಲಿ ಬಿಲ್ಲು ಹಾಕುವವರಿಗೂ ವಾರಾಂತ್ಯದಲ್ಲಿ ಮಾತ್ರ ಕೇರ್ ಹೋಮಿನ ಶಿಫ್ಟ್ ಮಾಡುವ ವಿದ್ಯಾರ್ಥಿಗೂ ಬ್ರಿಟನ್ನಿನಲ್ಲಿ ಸಂಬಳದ ರಜೆ ಇದೆ. ಇಷ್ಟು ಗಂಟೆ ಕೆಲಸ ಎಂಬ ಖಾತರಿಯೇ ಇಲ್ಲದ ಜೀರೋ ಅವರ್ಸ್ ಕಾಂಟ್ರಾಕ್ಟ್ ಇದ್ದವರಿಗೂ ಇದೆ. ಓದಲು ಹೋದ ನಮ್ಮ ಹುಡುಗರು ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಅಲ್ಲಿ ಸಣ್ಣ ಅಂಗಡಿ, ಹೋಟೆಲ್ಲು ನಡೆಸುವವರು ಕೊಡಲು ಸಿದ್ಧರಿದ್ದರೂ ಲೆಕ್ಕದಲ್ಲಿ ಎಡವುತ್ತಾರೆ.

1998ರ ವರ್ಕಿಂಗ್ ಟೈಮ್ ರೆಗ್ಯುಲೇಷನ್ಸ್ ಪ್ರಕಾರ ವರ್ಷಕ್ಕೆ ಕನಿಷ್ಠ 5.6 ವಾರ ರಜೆ. ಇಲ್ಲಿ ವಾರ ಎಂದರೆ ನಿಮ್ಮ ವಾರ, ನೀವು ಎಷ್ಟು ದಿನ ದುಡಿಯುತ್ತೀರೋ ಅಷ್ಟು. ಐದು ದಿನದವರಿಗೆ 28 ದಿನ, ನಾಲ್ಕಕ್ಕೆ 22.4, ಮೂರಕ್ಕೆ 16.8, ಎರಡಕ್ಕೆ 11.2, ಒಂದೇ ದಿನ ಬರುವವರಿಗೆ 5.6. ಆರು ದಿನ ದುಡಿದರೆ ಗುಣಾಕಾರ 33.6 ಎನ್ನುತ್ತದೆ, ಆದರೆ ಕಾನೂನಿನ ಕನಿಷ್ಠ ಮಿತಿ 28ಕ್ಕೇ ನಿಲ್ಲುತ್ತದೆ. ಬಂದ ದಶಮಾಂಶವನ್ನು ಮಾಲೀಕರು ಮೇಲಕ್ಕೆ ಏರಿಸಬಹುದು, ಕೆಳಕ್ಕೆ ಇಳಿಸುವಂತಿಲ್ಲ. 16.8 ಅನ್ನು 17 ಮಾಡಬಹುದು, 16 ಮಾಡಿದರೆ ತಪ್ಪು.

ಇದು ಕನಿಷ್ಠದ ಮಾತು. ಕಂಪನಿ ಪೂರ್ಣಾವಧಿಯವರಿಗೆ 33 ದಿನ ಕೊಡುತ್ತಿದ್ದರೆ ಮೂರು ದಿನದವರಿಗೆ ಅದರ ಐದನೇ ಮೂರು ಪಾಲು, ಅಂದರೆ 19.8 ದಿನ ಸಲ್ಲಬೇಕು. ಪಾರ್ಟ್ ಟೈಮಿನವರನ್ನು ಕಡೆಗಣಿಸಬಾರದು ಎನ್ನುವ ನಿಯಮ 2000ದಿಂದಲೇ ಇದೆ.

ದಿನಗಳ ಲೆಕ್ಕ ಸುಲಭ, ಆದರೆ ಎಲ್ಲ ದಿನವೂ ಒಂದೇ ಅಳತೆಯದ್ದಾಗಿದ್ದರೆ ಮಾತ್ರ. ಸೋಮವಾರ 8 ಗಂಟೆ, ಬುಧವಾರ 4, ಗುರುವಾರ 6 ಗಂಟೆ ಕೆಲಸ ಮಾಡುವವರನ್ನು ತೆಗೆದುಕೊಳ್ಳಿ. 16.8 ದಿನ ಎಂದು ಬರೆದಿಟ್ಟರೆ ಅವರು ರಜೆಯೆಲ್ಲ ಸೋಮವಾರವೇ ಹಾಕಿ ಲಾಭ ಮಾಡಿಕೊಳ್ಳಬಹುದು, ಬುಧವಾರ ಹಾಕಿದವರು ಕಳೆದುಕೊಳ್ಳುತ್ತಾರೆ. ಇಂಥ ಕಡೆ ಗಂಟೆಯಲ್ಲಿ ಎಣಿಸಬೇಕು: ವಾರಕ್ಕೆ 18 ಗಂಟೆ, 18ನ್ನು 5.6ರಿಂದ ಗುಣಿಸಿದರೆ 100.8 ಗಂಟೆ. ಸೋಮವಾರ ರಜೆ ಹಾಕಿದರೆ 8 ಕಳೆಯಿರಿ, ಬುಧವಾರವಾದರೆ 4. ಒಂದು ವಾರ ಎರಡು ದಿನ, ಮುಂದಿನ ವಾರ ನಾಲ್ಕು ದಿನ ಎಂಬಂತೆ ರೋಟಾ (ಪಾಳಿಗಳ ಪಟ್ಟಿ) ಸುತ್ತುತ್ತಿದ್ದರೆ ಸರಾಸರಿ ಮೂರು ದಿನ ಹಿಡಿಯಿರಿ. ಸುತ್ತು ಗೊತ್ತಿರುವ ಇಂಥ ರೋಟಾವನ್ನು ಅನಿಯಮಿತ ಕೆಲಸ ಎಂದುಕೊಳ್ಳಬೇಡಿ, ಅನಿಯಮಿತ ಕೆಲಸದ ಲೆಕ್ಕ ಬೇರೆ, ಅದು ಮುಂದೆ ಬರುತ್ತದೆ.

ಹೆಚ್ಚಿನ ಜಗಳ ಹುಟ್ಟುವುದು ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜಾದಿನಗಳ ವಿಚಾರದಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವರ್ಷಕ್ಕೆ ಎಂಟು ಬ್ಯಾಂಕ್ ಹಾಲಿಡೇ. ಅವತ್ತು ಮನೆಯಲ್ಲಿರುವುದು ಕಾನೂನಿನ ಹಕ್ಕೇನೂ ಅಲ್ಲ. ಆ ಎಂಟನ್ನು 5.6 ವಾರದ ಒಳಗೇ ಸೇರಿಸಲು ಮಾಲೀಕರಿಗೆ ಅವಕಾಶವಿದೆ. ತೊಂದರೆ ಏನೆಂದರೆ ಅವುಗಳಲ್ಲಿ ಹೆಚ್ಚಿನವು ಸೋಮವಾರ ಬರುತ್ತವೆ.

2026ರ ಕ್ಯಾಲೆಂಡರ್ ನೋಡಿ. ಹೊಸ ವರ್ಷ ಗುರುವಾರ. ಗುಡ್ ಫ್ರೈಡೇ ಮತ್ತು ಕ್ರಿಸ್‌ಮಸ್ ಶುಕ್ರವಾರ. ಈಸ್ಟರ್ ಸೋಮವಾರ, ಮೇ ತಿಂಗಳ ಎರಡು, ಆಗಸ್ಟಿನ ಒಂದು, ಕ್ರಿಸ್‌ಮಸ್ ಮರುದಿನದ ಬಾಕ್ಸಿಂಗ್ ಡೇ ಶನಿವಾರ ಬಿದ್ದದ್ದಕ್ಕೆ ಬದಲಿಯಾಗಿ ಡಿಸೆಂಬರ್ 28, ಹೀಗೆ ಐದು ಸೋಮವಾರಗಳು. ಈಗ ಒಂದೇ ಅಂಗಡಿಯಲ್ಲಿ ಇಬ್ಬರು, ಇಬ್ಬರಿಗೂ ವಾರಕ್ಕೆ ಮೂರು ದಿನ. ಒಬ್ಬರು ಸೋಮ, ಮಂಗಳ, ಶುಕ್ರ ಬರುತ್ತಾರೆ, ಇನ್ನೊಬ್ಬರು ಮಂಗಳ, ಬುಧ, ಗುರು. ಮೊದಲನೆಯವರ ಪಾಳಿಯ ಮೇಲೆ ಏಳು ಬ್ಯಾಂಕ್ ಹಾಲಿಡೇ ಬೀಳುತ್ತವೆ, ಎರಡನೆಯವರಿಗೆ ಒಂದೇ ಒಂದು.

ಇಲ್ಲಿ ಅನೇಕ ಕಡೆ ನಡೆಯುವ ತಪ್ಪು ಹೀಗಿದೆ: ಪೂರ್ಣಾವಧಿಗೆ 20 ದಿನ ಮತ್ತು ಬ್ಯಾಂಕ್ ಹಾಲಿಡೇ ಎಂಬ ಕರಾರನ್ನು ಹಿಡಿದು, 20ರ ಐದನೇ ಮೂರು ಪಾಲು 12, ಮೇಲೆ ನಿಮ್ಮ ಪಾಳಿಗೆ ಬಂದ ಬ್ಯಾಂಕ್ ಹಾಲಿಡೇ ನಿಮಗೆ ಎಂದುಬಿಡುತ್ತಾರೆ. ಮೊದಲನೆಯವರಿಗೆ 19 ದಿನ ಸಿಕ್ಕಿತು, ಎರಡನೆಯವರಿಗೆ 13. ಕಾನೂನು ಇಬ್ಬರಿಗೂ ಕನಿಷ್ಠ 16.8 ಎನ್ನುತ್ತದೆ, ಹಾಗಾಗಿ ಎರಡನೆಯವರಿಗೆ ಮೋಸವಾಯಿತು. ಸರಿಯಾದ ದಾರಿಯಲ್ಲಿ ಇಬ್ಬರ ಖಾತೆಗೂ 16.8 ದಿನ ಹಾಕಿ, ಅಂಗಡಿ ಮುಚ್ಚಿದ್ದು ಯಾರ ಪಾಳಿಯ ದಿನವೋ ಅವರ ಖಾತೆಯಿಂದ ಕಳೆಯಬೇಕು. ಮೊದಲನೆಯವರ ಕೈಯಲ್ಲಿ ಇಷ್ಟ ಬಂದಾಗ ಹಾಕಲು 9.8 ದಿನ ಉಳಿಯುತ್ತದೆ, ಎರಡನೆಯವರಿಗೆ 15.8. ಸೋಮವಾರದವರಿಗೆ ಇದು ಅನ್ಯಾಯದಂತೆ ಕಾಣುತ್ತದೆ, ಗೊಣಗುವುದೂ ಉಂಟು, ಆದರೆ ಇಬ್ಬರಿಗೂ ಸಿಕ್ಕ ಸಂಬಳದ ರಜೆ ಒಂದೇ.

ರಜೆ ಎಣಿಸುವ ಹನ್ನೆರಡು ತಿಂಗಳು, ಅಂದರೆ ರಜೆ ವರ್ಷ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇರುವ ಕಡೆ ಇನ್ನೊಂದು ಗುಂಡಿ ಇದೆ. 2027ರ ಈಸ್ಟರ್ ಮಾರ್ಚ್ 28ಕ್ಕೆ, 2028ರದ್ದು ಏಪ್ರಿಲ್ 16ಕ್ಕೆ. ಹೀಗಾಗಿ 2026-27ರಲ್ಲಿ ಇಂಗ್ಲೆಂಡಿನವರಿಗೆ ಎರಡು ಈಸ್ಟರ್ ಸೇರಿ ಹತ್ತು ಬ್ಯಾಂಕ್ ಹಾಲಿಡೇ, 2027-28ರಲ್ಲಿ ಒಂದೂ ಈಸ್ಟರ್ ಇಲ್ಲದೆ ಆರೇ. 20 ದಿನ ಮತ್ತು ಬ್ಯಾಂಕ್ ಹಾಲಿಡೇ ಎಂದು ಬರೆದುಕೊಟ್ಟವರು ಆ ವರ್ಷ ಪೂರ್ಣಾವಧಿಯವರಿಗೂ 26 ದಿನ ಮಾತ್ರ ಕೊಟ್ಟು ಕಾನೂನಿನ ಕೆಳಗೆ ಜಾರುತ್ತಾರೆ. ಕರಾರಿನಲ್ಲಿ ಬ್ಯಾಂಕ್ ಹಾಲಿಡೇ ಸೇರಿ 28 ದಿನ ಎಂದೇ ಬರೆಯುವುದು ಕ್ಷೇಮ.

ವರ್ಷದ ನಡುವೆ ಸೇರಿದವರಿಗೆ ತಿಂಗಳಿಗೆ ಹನ್ನೆರಡನೇ ಒಂದು ಪಾಲು. ಜನವರಿಯಿಂದ ಡಿಸೆಂಬರ್ ರಜೆ ವರ್ಷ, ಸೆಪ್ಟೆಂಬರ್ 1ಕ್ಕೆ ಸೇರಿದಿರಿ, ವಾರಕ್ಕೆ ಮೂರು ದಿನ: 16.8ರಲ್ಲಿ ನಾಲ್ಕು ತಿಂಗಳ ಪಾಲು 5.6, ಅದನ್ನು ಏರಿಸಿ 6 ದಿನ. ನಡುವೆ ಗಂಟೆ ಬದಲಾದರೆ ವರ್ಷವನ್ನು ಎರಡು ತುಂಡು ಮಾಡಿ. ಜೂನ್‌ವರೆಗೆ ವಾರಕ್ಕೆ 40 ಗಂಟೆ ದುಡಿದು ಜುಲೈನಿಂದ 24ಕ್ಕೆ ಇಳಿದವರಿಗೆ ಮೊದಲರ್ಧಕ್ಕೆ 112 ಗಂಟೆ, ಉಳಿದರ್ಧಕ್ಕೆ 67.2, ಒಟ್ಟು 179.2. ಇಡೀ ವರ್ಷಕ್ಕೆ 24 ಗಂಟೆಯೇ ಎಂದು ಹಿಡಿದು 134.4 ಕೊಟ್ಟರೆ ಆಗಲೇ ದುಡಿದು ಗಳಿಸಿದ್ದನ್ನು ಕಿತ್ತುಕೊಂಡಂತೆ.

ಇನ್ನು ಈ ವಾರ 6 ಗಂಟೆ, ಮುಂದಿನ ವಾರ 19, ಅದರ ಮುಂದಿನ ವಾರ ಏನೂ ಇಲ್ಲ ಎನ್ನುವವರ ಲೆಕ್ಕ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ 2024ರ ಏಪ್ರಿಲ್ 1ರಂದು ಅಥವಾ ನಂತರ ಶುರುವಾದ ರಜೆ ವರ್ಷಗಳಿಗೆ ಇವರದ್ದು ಬೇರೆ ನಿಯಮ: ದುಡಿದ ಗಂಟೆಗಳ ಶೇ. 12.07. ವರ್ಷದ 52 ವಾರದಲ್ಲಿ 5.6 ರಜೆ ಹೋದರೆ ದುಡಿಯುವುದು 46.4 ವಾರ, 5.6ನ್ನು 46.4ರಿಂದ ಭಾಗಿಸಿದರೆ ಬರುವುದೇ ಇದು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಶಾಲೆ ನಡೆಯುವ ವಾರಗಳಲ್ಲಿ ಮಾತ್ರ ಪಾಠ ಹೇಳುತ್ತಿದ್ದ ಸಂಗೀತ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಈ ಶೇಕಡಾವಾರು ಪದ್ಧತಿ ಸಲ್ಲದು ಎಂದಿತ್ತು. ಆಮೇಲೆ ಸರ್ಕಾರ ನಿಯಮವನ್ನೇ ತಿದ್ದಿ ಅದನ್ನು ಕಾನೂನಿನೊಳಗೆ ತಂದಿತು. ನಿಗದಿತ ಗಂಟೆಯವರಿಗೆ ಇದನ್ನು ಬಳಸಬಾರದು.

ಸಂಬಳದ ಅವಧಿ ಮುಗಿದಾಗ ಗಂಟೆಗಳನ್ನು ಕೂಡಿ 0.1207ರಿಂದ ಗುಣಿಸಿ. ತಿಂಗಳಿಗೆ 63 ಗಂಟೆಯಾದರೆ 7.6. ಅರ್ಧ ಗಂಟೆ ಮತ್ತು ಮೇಲಿನದ್ದು ಒಂದಾಗುತ್ತದೆ, ಅದಕ್ಕಿಂತ ಕಡಿಮೆಯದ್ದು ಸೊನ್ನೆ. ಹಾಗಾಗಿ 8 ಗಂಟೆ. 62 ಗಂಟೆಯಾಗಿದ್ದರೆ 7.48, ಬರುವುದು 7. ವಾರವಾರ ಸಂಬಳ ಕೊಡುವ ಕಡೆ ಇದು ಕಚ್ಚುತ್ತದೆ: ವಾರಕ್ಕೆ 4 ಗಂಟೆಯ ಒಂದೇ ಶಿಫ್ಟ್ ಸಿಕ್ಕರೆ 0.48, ವಾರವಾರವೂ ಸೊನ್ನೆ. ದಶಮಾಂಶವನ್ನು ಹಾಗೇ ಕೂಡಿಸುತ್ತ ಹೋಗುವ ಮಾಲೀಕರೇ ಮೇಲು.

ಇಂಥವರಿಗೆ ರಜೆ ಸಂಬಳವನ್ನು ಪ್ರತಿ ಪೇಸ್ಲಿಪ್ಪಿನಲ್ಲೇ ಸೇರಿಸಿ ಕೊಡಲೂಬಹುದು. ಗಂಟೆಗೆ 13 ಪೌಂಡ್ ಇದ್ದರೆ ಮೇಲೆ 1.57 ಪೌಂಡ್, ಅದೂ ಪ್ರತ್ಯೇಕ ಸಾಲಿನಲ್ಲಿ ಕಾಣಬೇಕು. ನಿಮ್ಮ ರೇಟಿನಲ್ಲೇ ಎಲ್ಲ ಸೇರಿದೆ ಎಂಬ ಬಾಯಿಮಾತು ನಡೆಯುವುದಿಲ್ಲ. ಹೀಗೆ ಪಡೆಯುವವರು ರಜೆ ಹಾಕಿದ ವಾರ ಕೈಗೆ ಏನೂ ಬರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಆ ಮೊತ್ತವನ್ನು ಎತ್ತಿಡಬೇಕು. ರಜೆ ಹಾಕಿದಾಗಲೇ ಸಂಬಳ ಕೊಡುವ ಪದ್ಧತಿಯಿದ್ದರೆ ಹಿಂದಿನ 52 ವಾರಗಳ ಸರಾಸರಿ ಹಿಡಿಯಬೇಕು. ಸಂಬಳವೇ ಬಾರದ ವಾರಗಳನ್ನು ಬಿಟ್ಟು ಇನ್ನೂ ಹಿಂದಕ್ಕೆ ಹೋಗಬೇಕು, ಗರಿಷ್ಠ 104 ವಾರದವರೆಗೆ. ಖಾಲಿ ವಾರಗಳನ್ನೂ ಸೇರಿಸಿ ಸರಾಸರಿ ಇಳಿಸಿದ್ದಾರೆಯೇ ಎಂದು ಪೇಸ್ಲಿಪ್ ಇಟ್ಟುಕೊಂಡು ತಾಳೆ ನೋಡಿ.

ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ, ಕೇಳುವ ರಜೆಯ ಎರಡರಷ್ಟು ಮುಂಚೆ ತಿಳಿಸಬೇಕು. ದೀಪಾವಳಿಗೆ ಮೂರು ವಾರ ಊರಿಗೆ ಹೋಗುವವರು ಆರು ವಾರ ಮುಂಚೆಯೇ ಇಮೇಲ್ ಹಾಕಿಬಿಡಿ. ವಾರಕ್ಕೆ ಮೂರು ದಿನದವರಿಗೆ ಆ ಮೂರು ವಾರಕ್ಕೆ ಖರ್ಚಾಗುವುದು ಒಂಬತ್ತೇ ದಿನ. 21 ದಿನ ಕಳೆದಿದ್ದರೆ ಪ್ರಶ್ನಿಸಿ.

ಕೆಲಸದಲ್ಲಿ ಇರುವವರೆಗೆ ಈ ಕನಿಷ್ಠ ರಜೆಯ ಬದಲು ದುಡ್ಡು ಕೊಟ್ಟು ಮುಗಿಸುವಂತಿಲ್ಲ. ಬಿಡುವಾಗ ಮಾತ್ರ ಉಳಿದದ್ದಕ್ಕೆ ದುಡ್ಡು. ಜನವರಿಯಿಂದ ಜೂನ್ 30ರವರೆಗೆ ವಾರಕ್ಕೆ ಮೂರು ದಿನ ದುಡಿದು ಐದು ದಿನ ರಜೆ ಹಾಕಿದ್ದರೆ, 8.4ರಲ್ಲಿ 5 ಕಳೆದು 3.4 ದಿನದ ಸಂಬಳ ಕೊನೆಯ ಪೇಸ್ಲಿಪ್ಪಿನಲ್ಲಿ ಬರಬೇಕು. ಗಳಿಸಿದ್ದಕ್ಕಿಂತ ಹೆಚ್ಚು ರಜೆ ಹಾಕಿಬಿಟ್ಟಿದ್ದರೆ ಮಾಲೀಕರು ಅದನ್ನು ಸಂಬಳದಿಂದ ಮುರಿದುಕೊಳ್ಳಲು ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಇರಬೇಕು. ಸಹಿ ಹಾಕುವ ದಿನ ಆ ಸಾಲನ್ನು ಕರಾರಿನಲ್ಲಿ ಹುಡುಕಿ ಓದಿಕೊಳ್ಳಿ.