ಅವ್ವನ ಆಪರೇಷನ್ ಆದಮೇಲೆ ಕೀಮೋ ಬೇಕಾ ಬೇಡ್ವಾ ಅಂತ ತಿಳಿದುಕೊಂಡ ಬಗೆ

ಅವ್ವನಿಗೆ 64 ವರ್ಷ. ಸ್ತನ ಕ್ಯಾನ್ಸರ್ ಅಂತ ಹುಬ್ಬಳ್ಳಿಯಲ್ಲಿ ಎಡ ಸ್ತನ ಪೂರ್ತಿ ತೆಗೆದರು. ಹೊಲಿಗೆ ಒಣಗುವ ಮೊದಲೇ ಸಲಹೆಗಳು ಶುರುವಾದವು. ಗದಗಿನ ಅತ್ತೆ "ಕೀಮೋ ಮಾತ್ರ ಬ್ಯಾಡ" ಅಂದರು. ಧಾರವಾಡದ ಕಾಕಾ "ಕರೆಂಟ್ ಕೊಡಸಾಕಬೇಕು" ಅಂದರು, ಅಂದರೆ ರೇಡಿಯೇಷನ್. ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಅವರು ನೋಡಿದ್ದು ಬೇರೆಯವರ ಕ್ಯಾನ್ಸರ್. ಅವ್ವನದು ಯಾವ ಥರದ್ದು ಅಂತ ಹೇಳೋದು ಆಪರೇಷನ್ ನಂತರದ ಬಯಾಪ್ಸಿ ರಿಪೋರ್ಟ್.

ಅದರಲ್ಲಿ ನಾನು ಹುಡುಕಿದ್ದು ಕೆಲವೇ ಸಂಗತಿ. ಗಡ್ಡೆ ಎಷ್ಟು ದೊಡ್ಡದು? ಕಂಕುಳಿನ ಎಷ್ಟು ಗ್ರಂಥಿಗಳಿಗೆ ಹರಡಿದೆ? ಅವ್ವನಿಗೆ ಒಂದಕ್ಕೆ ಮಾತ್ರ ಹರಡಿತ್ತು. ಆಮೇಲೆ ಇ.ಆರ್., ಪಿ.ಆರ್. (ಹಾರ್ಮೋನ್ ಹಿಡಿಯುವ ರಿಸೆಪ್ಟರ್‌ಗಳು) ಎರಡೂ ಪಾಸಿಟಿವ್. ಅಂದರೆ ಈ ಕ್ಯಾನ್ಸರ್ ಹಾರ್ಮೋನಿನಿಂದ ಬೆಳೆಯುವಂಥದ್ದು, ಅದನ್ನು ತಡೆಯುವ ಮಾತ್ರೆ ಕೆಲಸ ಮಾಡುತ್ತದೆ.

ಹರ್-2 (ಕ್ಯಾನ್ಸರ್ ಕೋಶದ ಮೇಲಿರುವ ಒಂದು ಪ್ರೋಟೀನ್) ಮುಂದೆ 2+ ಅಂತಿತ್ತು. ಇಲ್ಲಿ ನಿಲ್ಲಬೇಕು. 0 ಅಥವಾ 1+ ಇದ್ದರೆ ನೆಗೆಟಿವ್, 3+ ಇದ್ದರೆ ಪಾಸಿಟಿವ್. 2+ ಅಂದರೆ ಇನ್ನೂ ತೀರ್ಮಾನ ಆಗಿಲ್ಲ ಅಂತ, ಹರ್-2 ಜೀನ್ ಎಣಿಸಿ ನೋಡುವ ಫಿಶ್ ಟೆಸ್ಟ್ ಆಗಲೇಬೇಕು. ಪಾಸಿಟಿವ್ ಬಂದರೆ ಹರ್-2 ತಡೆಯುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ, ಮೊದಲು ಹೃದಯದ ಎಕೋ ಮಾಡಿಸುತ್ತಾರೆ. ಲ್ಯಾಬಿನಿಂದ ಅವ್ವನ ಗಡ್ಡೆಯ ಮೇಣದ ಬ್ಲಾಕ್ (ಮೇಣದಲ್ಲಿ ಕಾಪಾಡಿಟ್ಟ ಗಡ್ಡೆಯ ತುಂಡು) ಕೇಳಿ ಪಡೆದು ಈ ಟೆಸ್ಟಿಗೆ ಬೆಂಗಳೂರಿಗೆ ಕಳಿಸಿದೆವು. ನೆಗೆಟಿವ್ ಬಂತು.

ಸ್ತನ ಉಳಿಸಿ ಬರೀ ಗಡ್ಡೆ ತೆಗೆದರೆ ಸಾಮಾನ್ಯವಾಗಿ ಕರೆಂಟ್ ಬೇಕಾಗುತ್ತದೆ. ಪೂರ್ತಿ ತೆಗೆದವರಿಗೆ ಗಡ್ಡೆಯ ಗಾತ್ರ, ಗ್ರಂಥಿಗಳ ಲೆಕ್ಕ ನೋಡಿ ಹೇಳುತ್ತಾರೆ. ನಾಲ್ಕು ಅಥವಾ ಜಾಸ್ತಿ ಗ್ರಂಥಿಗೆ ಹರಡಿದ್ದರೆ ಕೊಡುವುದೇ ರೂಢಿ. ಅವ್ವನಿಗೆ ಬೇಡ ಅಂದರು.

ಉಳಿದಿದ್ದು ಕೀಮೋ. ಕೆಲವು ಸಂಬಂಧಿಕರು "ಆಕಿ ಮುಂದ ಏನೂ ಹೇಳಬ್ಯಾಡ್ರಿ" ಅಂದಿದ್ದರು. ನಾನು ಒಪ್ಪಲಿಲ್ಲ. ವಾಂತಿ, ಕೂದಲು ಉದುರೋದು, ಸುಸ್ತು, ಎಲ್ಲ ಅನುಭವಿಸೋಳು ಅವಳು, ಅಲ್ವಾ? ಕೋಣೆಯಲ್ಲಿ ಅವ್ವನೇ ಡಾಕ್ಟರಿಗೆ ಕೇಳಿದಳು: "ಕೀಮೋ ತಗೊಂಡ್ರ ನನಗೆಷ್ಟು ಉಪಯೋಗ ಆಕ್ಕೈತ್ರಿ? ಬಿಟ್ರ ಏನಾಕ್ಕೈತ್ರಿ?" ಇದಕ್ಕಿಂತ ಒಳ್ಳೆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಡಾಕ್ಟರು ಸಮಾಧಾನವಾಗಿ ಹೇಳಿದರು. ಗಡ್ಡೆಯ 21 ಜೀನ್ ನೋಡಿ ಅಂಕ ಕೊಡುವ ಆಂಕೊಟೈಪ್ ಅನ್ನೋ ಟೆಸ್ಟ್ ಇದೆ. ಮುಟ್ಟು ನಿಂತ, ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್, ಒಂದರಿಂದ ಮೂರು ಗ್ರಂಥಿಗೆ ಹರಡಿದ ಹೆಂಗಸರಲ್ಲಿ ಅಂಕ 25ರ ಒಳಗಿದ್ದರೆ, ಹಾರ್ಮೋನ್ ಮಾತ್ರೆಯ ಜೊತೆ ಕೀಮೋ ಸೇರಿಸಿದರೂ ಹೆಚ್ಚಿನ ಲಾಭ ಆಗಲಿಲ್ಲ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದ್ದು ಇದನ್ನೇ. ಈ ಟೆಸ್ಟಿನ ಖರ್ಚು ಲಕ್ಷ ದಾಟುತ್ತದೆ. ಆ ವರ್ಷ ಬ್ಯಾಡಗಿ ಪೇಟೆಗೆ ಹಾಕಿದ ಮೆಣಸಿನಕಾಯಿ ದುಡ್ಡು ಅದಕ್ಕೇ ಹೋಯಿತು. ಅಂಕ 16 ಬಂತು, ಕೀಮೋ ಬಿಟ್ಟೆವು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಅಂಕ ಜಾಸ್ತಿ ಬಂದಿದ್ದರೆ ಕೀಮೋಗೆ ಅವ್ವ ತಯಾರಾಗೇ ಇದ್ದಳು.

ಈಗ ದಿನಾ ಒಂದು ಲೆಟ್ರೊಜೋಲ್ ಮಾತ್ರೆ (ಹಾರ್ಮೋನ್ ತಡೆಯುವಂಥದ್ದು), ಐದು ವರ್ಷ. ಇದು ಎಲುಬು ಸವೆಸುತ್ತದೆ, ಅದಕ್ಕೆ ಶುರುವಿನಲ್ಲೇ ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಕ್ಯಾಲ್ಸಿಯಂ, ವಿಟಮಿನ್ ಡಿ ನಡೆದಿದೆ. ಬೆಳಿಗ್ಗೆ ಎದ್ದಾಗ ಕೀಲು ಹಿಡಿದಂಗಾಗುತ್ತದೆ. ಈ ನೋವಿಗೇ ಎಷ್ಟೋ ಜನ ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಬಿಡೋ ಮೊದಲು ಡಾಕ್ಟರಿಗೆ ಹೇಳಿ. ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಿಸಲು ಬರುತ್ತದೆ.