ಹೊಯ್ಗೆ ನಿಂತ ಮೇಲೆ: ಎಂ-ಸ್ಯಾಂಡ್ ಸಾರಣೆ ಮತ್ತು ಒಂದು ಅಡಿಯ ಕಾಲಂ – ನನ್ನ ಅನುಭವ

ಕಲ್ಲನ್ನು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್‌ನಲ್ಲಿ ಸಾರಣೆ ಮಾಡಿದರೆ ಗೋಡೆ ಬಿರುಕು ಬಿಡುತ್ತದೆ, ಒಂದು ಅಡಿಯ ಕಾಲಂ ಹಾಕಿದರೆ ಮನೆ ಗೋದಾಮಿನಂತೆ ಕಾಣುತ್ತದೆ ಎಂದು ನನಗೆ ಹೇಳಿದವರೆಲ್ಲ ಈ ಕೆಲಸದಲ್ಲಿ ನನಗಿಂತ ಹಿರಿಯರೇ. ಮಂಗಳೂರಿನ ಹೊರವಲಯದಲ್ಲಿ ನಾನು ವಹಿಸಿಕೊಂಡಿದ್ದ ಎರಡು ಅಂತಸ್ತಿನ ಮನೆಯ ಸಾರಣೆ ಮುಗಿದು ಈಗ ಒಂದು ಬೇಸಿಗೆ ಪೂರ್ತಿ ಕಳೆದಿದೆ. ಬಿರುಕು ಬರುವುದಿದ್ದರೆ ಆ ಸೆಕೆಯಲ್ಲೇ ಬರಬೇಕಿತ್ತು. ಬಂದಿಲ್ಲ. ಹೀಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ಹೊಯ್ಗೆಯ, ಅಂದರೆ ನದಿ ಮರಳಿನ, ತಾಪತ್ರಯ ಕರಾವಳಿಯವರಿಗೆ ಹೊಸದಲ್ಲ. ಮಳೆಗಾಲದಲ್ಲಿ ನದಿಗೆ ಇಳಿಯುವಂತಿಲ್ಲ. ನೇತ್ರಾವತಿ, ಫಲ್ಗುಣಿಗಳ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಭಾಗದಲ್ಲಿ ಮರಳು ದಿಬ್ಬ ತೆರವಿಗೆ ಅನುಮತಿ ಸಿಕ್ಕಿದರೆ ಉಂಟು, ಇಲ್ಲವಾದರೆ ಇಲ್ಲ. ಆ ದಿನಗಳಲ್ಲಿ ಒಂದು ಲೋಡ್ ಹೊಯ್ಗೆಗೆ ನಾನು 18ರಿಂದ 20 ಸಾವಿರದವರೆಗೆ ಕೊಟ್ಟದ್ದುಂಟು. ಅಷ್ಟೇ ಅಳತೆಯ ಎಂ-ಸ್ಯಾಂಡ್ 14 ಸಾವಿರದ ಆಸುಪಾಸಿನಲ್ಲಿ ಬರುತ್ತಿತ್ತು. ಅಲ್ಲದೆ ಅಳಿವೆಯ ಕಡೆಯಿಂದ ಬಂದ ಹೊಯ್ಗೆಯಲ್ಲಿ ಉಪ್ಪಿದ್ದರೆ ಕಬ್ಬಿಣದ ಗತಿ ಏನಾಗುತ್ತದೆ ಎಂಬುದು ಹಳೆಯ ಸನ್‌ಶೇಡ್‌ಗಳ ಅಡಿಭಾಗವನ್ನು ನೋಡಿದವರಿಗೆಲ್ಲ ಗೊತ್ತಿದೆ.

ಹಾಗೆಂದು ನನ್ನ ಮೊದಲ ಪ್ರಯತ್ನ ಗೆದ್ದದ್ದೇನೂ ಅಲ್ಲ. ಸುಮಾರು ಆರು ವರ್ಷಗಳ ಹಿಂದೆ ಒಂದು ಕಾರ್ ಪೋರ್ಚಿನ ಸ್ಲ್ಯಾಬಿಗೆ, ಹೊಯ್ಗೆಗೆ ಹಾಕುವ ಲೆಕ್ಕದಲ್ಲೇ ಎಂ-ಸ್ಯಾಂಡ್ ಹಾಕಿಸಿದೆ. ಕಾಂಕ್ರೀಟ್ ಒರಟಾಗಿ ಕರಣೆಗೆ ಬಗ್ಗದೆ ಇದ್ದಾಗ, ನಾನು ಊಟಕ್ಕೆ ಹೋದ ಹೊತ್ತಿನಲ್ಲಿ ಮೇಸ್ತ್ರಿ ಒಂದೊಂದು ಮಿಕ್ಸಿಗೂ ಅರ್ಧ ಬಾಲ್ದಿ ನೀರು ಹೆಚ್ಚಿಗೆ ಸುರಿಸಿದ್ದ. 28 ದಿನಕ್ಕೆ 20 ಮೆಗಾಪ್ಯಾಸ್ಕಲ್ ಬಲ ಬರಬೇಕಾದ ಎಂ20 ಕಾಂಕ್ರೀಟಿನ ಕ್ಯೂಬ್ (ಪರೀಕ್ಷೆಗೆ ಒಡೆಯುವ ಅಚ್ಚು) ಏಳು ದಿನಕ್ಕೆ 13ರ ಹತ್ತಿರ ಬರಬೇಕಾದದ್ದು ಎಂಟೋ ಒಂಬತ್ತೋ ಬಂತು. 28ನೆಯ ದಿನಕ್ಕೂ 15 ದಾಟಲಿಲ್ಲ. ಮನೆ ಕಟ್ಟಿಸುವವರು ಸುಮ್ಮನಿರಲು ಸಿದ್ಧರಿದ್ದರು, ಆದರೆ ನಾನೇ ಕೆಡವಿಸಿದೆ. ಕೈಯಿಂದ ಹೋದದ್ದು 70 ಸಾವಿರ. ಅಂದಿನಿಂದ ನೀರಿನ ಬಾಲ್ದಿಗೆ ಪೈಂಟಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಒರಟುತನಕ್ಕೆ ಅಡ್ಮಿಕ್ಸ್ಚರ್ (ಕಾಂಕ್ರೀಟನ್ನು ಸಡಿಲಗೊಳಿಸುವ ರಾಸಾಯನಿಕ ದ್ರವ), ನೀರಲ್ಲ. ಯಾವ ಕಂಪನಿಯದು, ಮೂಟೆಗೆ ಎಷ್ಟು ಮಿಲಿ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಹನ್ನೊಂದು ಸಲ ಕ್ಯೂಬ್ ಒಡೆಸಬೇಕಾಯಿತು.

ಎರಡನೆಯ ಪೆಟ್ಟು ಸಾರಣೆಯದು. ಸರಬರಾಜುದಾರನೊಬ್ಬ ಎಂ-ಸ್ಯಾಂಡ್ ಎಂದು ಹೇಳಿ ಜಲ್ಲಿ ಕ್ರಷರಿನ ಹುಡಿಯನ್ನು ಇಳಿಸಿ ಹೋದ. ಬಣ್ಣ ಒಂದೇ, ಬಿಲ್ಲೂ ಸರಿಯಾಗಿತ್ತು. ಮೂರು ವಾರಗಳಲ್ಲಿ ಗೋಡೆಯ ತುಂಬ ಜೇಡರ ಬಲೆಯಂಥ ಬಿರುಕು. ಸುಮಾರು 1100 ಚದರ ಅಡಿ ಸಾರಣೆಯನ್ನು ಕಿತ್ತು ಮತ್ತೆ ಮಾಡಿಸಲು 55 ಸಾವಿರಕ್ಕಿಂತ ಮೇಲಾಯಿತು.

ಆ ಮೇಲೆ ಕಲಿತದ್ದೇ ಕಾವಲಿಯ ಪರೀಕ್ಷೆ. ಪ್ರತಿ ಲೋಡಿನಿಂದಲೂ, ಟಿಪ್ಪರ್ ಮಗುಚುವ ಮೊದಲೇ, ಮಧ್ಯದ ಮತ್ತು ತಳದ ಭಾಗಗಳಿಂದ ಮರಳು ತೆಗೆದು ಕಾವಲಿಯಲ್ಲಿ ಹುರಿದು ಒಣಗಿಸಿ ಒಂದು ಕಿಲೋ ತೂಗುತ್ತೇನೆ. ಅದನ್ನು 75 ಮೈಕ್ರಾನ್ ಜರಡಿಯಲ್ಲಿ ಹಾಕಿ, ಕೆಳಗೆ ಬರುವ ನೀರು ತಿಳಿಯಾಗುವವರೆಗೆ ತೊಳೆದು, ಉಳಿದದ್ದನ್ನು ಪುನಃ ಕಾವಲಿಗೆ ಹಾಕಿ ಒಣಗಿಸಿ ತೂಗಿದರೆ, ಕಡಿಮೆಯಾದ ತೂಕವೇ ಹುಡಿಯ ಪ್ರಮಾಣ. ಜಲ್ಲಿ, ಮರಳುಗಳ ಭಾರತೀಯ ಮಾನದಂಡವಾದ 2016ರ ಐಎಸ್ 383 ಪುಡಿ ಮಾಡಿದ ಮರಳಿಗೆ ಶೇ. 15ರವರೆಗೆ ಬಿಡುತ್ತದೆ, ಕಾಂಕ್ರೀಟಿಗೆ ನಾನೂ ಅಷ್ಟಕ್ಕೆ ಒಪ್ಪುತ್ತೇನೆ, ಸಾರಣೆಗೆ ಮಾತ್ರ ಶೇ. 10ರ ಮೇಲೆ ಕಂಡರೆ ಟಿಪ್ಪರನ್ನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದೆ ಕಳುಹಿಸುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ, ಡ್ರೈವರ್ ಗೊಣಗುತ್ತಾನೆ, ಅವನ ಚಹಾದ ಖರ್ಚು ನನ್ನದು. ನನ್ನ ಹೆಂಡತಿಯ ಹಳೆಯ ದೋಸೆ ಕಾವಲಿ ಹೀಗೆ ಸೈಟಿಗೆ ಹೋದದ್ದು ಮರಳಿ ಅಡುಗೆಮನೆಗೆ ಬಂದಿಲ್ಲ. ಈ ಮನೆಗೆ ತರಿಸಿದ ಹದಿನಾಲ್ಕು ಹದಿನೈದು ಲೋಡುಗಳಲ್ಲಿ ಮೂರನ್ನು ಹಿಂದಿರುಗಿಸಿದೆ.

ಮಧ್ಯೆ ಕೆಲವು ಬೇಡದ ಪ್ರಯೋಗಗಳನ್ನೂ ಮಾಡಿದೆ. ಕೆಂಪುಕಲ್ಲು ಕೊರೆದಾಗ ಬೀಳುವ ಹುಡಿ ಪುಕ್ಕಟೆ ಸಿಗುತ್ತದಲ್ಲ ಎಂದು ಕಾಂಪೌಂಡ್ ಗೋಡೆಯ ಸಾರಣೆಗೆ ನಾಲ್ಕನೆಯ ಒಂದು ಪಾಲು ಬೆರೆಸಿದರೆ, ಅದು ನೀರನ್ನೆಲ್ಲ ಕುಡಿದು ಬಿಳಿ ಬಣ್ಣದ ಮೇಲೆ ಕೆಂಪು ಕಲೆಯಾಗಿ ಎದ್ದಿತು. ಸಿಮೆಂಟಿನ ಬದಲು ಶೇ. 20ರಷ್ಟು ಹಾರುಬೂದಿ ಹಾಕಿದ್ದು ಮಾತ್ರ ಲಾಭವಾಯಿತು; ಸಾರಣೆ ಬೆಣ್ಣೆಯಂತೆ ಜಾರುತ್ತದೆ, ಆದರೆ ಜುಲೈ ತಿಂಗಳ ಥಂಡಿಯಲ್ಲಿ ಗಟ್ಟಿಯಾಗಲು ಕಾಯುವ ತಾಳ್ಮೆ ಬೇಕು.

ಇನ್ನು ಕಾಲಂ. ಈ ಮನೆಗೆ ನಕ್ಷೆ ಮಾಡಿಸುವಾಗ ಮಂಗಳೂರು ಭೂಕಂಪದ ಮೂರನೆಯ ವಲಯದಲ್ಲಿತ್ತು. ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳ ಮಾನದಂಡವಾದ 2016ರ ಐಎಸ್ 13920ರ ಪ್ರಕಾರ ಕಾಲಮಿನ ಯಾವ ಬದಿಯೂ 300 ಮಿಲಿಮೀಟರಿಗಿಂತ, ಅಂದರೆ ಸುಮಾರು ಒಂದು ಅಡಿಗಿಂತ, ಕಡಿಮೆ ಇರುವಂತಿಲ್ಲ. ನಾವೆಲ್ಲ ಗೋಡೆಯೊಳಗೆ ಅಡಗುವ 9x12 ಇಂಚಿನ ಕಾಲಮಿನಲ್ಲಿ ಬೆಳೆದವರು. ಇದಕ್ಕೆ ಹಿಂದಿನ ಮನೆಯಲ್ಲಿ, ಒಳಗೆ ಮೂಲೆ ಕಾಣಬಾರದೆಂಬ ಮನೆಯವರ ಹಟಕ್ಕೆ ಮಣಿದು, ಹೆಚ್ಚಾದ ಮೂರು ಇಂಚನ್ನು ಹೊರಗೆ ತಳ್ಳಿದ್ದೆ. ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ಅಷ್ಟರ ಮಟ್ಟಿಗೆ ಕಡಿಮೆಯಾಯಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪೂರ್ಣಗೊಂಡ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದ ಮೇಲೆ, ಆ ಮೂರು ಇಂಚಿಗಾಗಿ ಕಡತ ಹಿಡಿದು ನಾನು ಐದು ತಿಂಗಳು ಓಡಾಡಿದೆ. ಮನೆಯವರು ಅಷ್ಟೂ ದಿನ ಬಾಡಿಗೆ ಕಟ್ಟಿದರು, ನನ್ನ ಕೊನೆಯ ಕಂತನ್ನೂ ಹಿಡಿದಿಟ್ಟರು.

ಈ ಸಲ ಆರಂಭದಲ್ಲೇ, ಲೈಸನ್ಸಿಗೆ ನಕ್ಷೆ ಕೊಡುವ ಮೊದಲೇ, ಹದಿನಾರು ಕಾಲಂಗಳನ್ನೂ 12x12 ಎಂದು ಬರೆಸಿ, ಉಬ್ಬುವ ಭಾಗವನ್ನು ಒಳಗೇ ಬರುವಂತೆ ಕೂರಿಸಿದೆ: ಮಲಗುವ ಕೋಣೆಗಳಲ್ಲಿ ಕಪಾಟಿನ ಪಕ್ಕ, ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂದೆ, ಚಾವಡಿಯಲ್ಲಿ ಬಾಗಿಲ ದಾರಂದದ ಬದಿಗೆ. ಎರಡು ಕಾಲಂ ಮಾತ್ರ ಎಲ್ಲಿಯೂ ಅಡಗಲಿಲ್ಲ. ಅವುಗಳ ನಡುವೆ ದೇವರ ಕೋಣೆ ಮಾಡಿದೆವು. ಎರಡೂ ಅಂತಸ್ತು ಸೇರಿ ಹೆಚ್ಚಾದ ಕಾಂಕ್ರೀಟ್ ಸುಮಾರು 80 ಘನ ಅಡಿ. ಕಬ್ಬಿಣ, ಹಲಗೆ, ಕೂಲಿ ಎಲ್ಲ ಕೂಡಿಸಿದರೂ ಖರ್ಚು 45 ಸಾವಿರದ ಒಳಗೆ. ಮನೆಯ ಒಟ್ಟು ವೆಚ್ಚ 45 ಲಕ್ಷವಾಗಿದ್ದರಿಂದ ಇದು ನೂರಕ್ಕೆ ಒಂದು ರೂಪಾಯಿ. ಈ ಒಂದು ವಾಕ್ಯವನ್ನು ಮನೆಯವರ ಮುಂದೆ ಮೊದಲೇ ಇಟ್ಟರೆ ಉಳಿದ ವಾದ ಬೇಕಾಗುವುದಿಲ್ಲ.

ಜಗಳವಾದದ್ದು ಕಬ್ಬಿಣ ಕಟ್ಟುವವರ ಜೊತೆ. ಕಾಲಮಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆಯನ್ನು 135 ಡಿಗ್ರಿಗೆ ಒಳಕ್ಕೆ ಬಗ್ಗಿಸಬೇಕು, ತುದಿ 65 ಮಿಲಿಮೀಟರ್ ಇರಬೇಕು, ಕಾಲಮಿನ ಬುಡ ಮತ್ತು ತಲೆಯ ಒಂದೂವರೆ ಅಡಿಯಲ್ಲಿ ರಿಂಗುಗಳ ಅಂತರ ಮೂರು ಇಂಚನ್ನು ಮೀರಬಾರದು ಎಂದಾಗ, “ಸಾರ್, ಇಷ್ಟು ವರ್ಷ ನಾವು ಕಟ್ಟಿದ ಮನೆ ಯಾವುದು ಬಿದ್ದಿದೆ?” ಎಂದು ಕೇಳಿದರು. ಭೂಕಂಪದ ಪಾಠ ಹೇಳುವ ಬದಲು ರಿಂಗಿಗೆ ಒಂದು ರೂಪಾಯಿ ಹೆಚ್ಚಿಗೆ ಕೊಡುತ್ತೇನೆಂದೆ. ಕಾಲಂಗಳಿಗೆ ಹಿಡಿದದ್ದು ಸುಮಾರು 850 ರಿಂಗು. ಸಾವಿರ ರೂಪಾಯಿಯೊಳಗೆ ತಕರಾರು ಮುಗಿಯಿತು.

ಕೆಳಗಿನ ಅಂತಸ್ತಿನ ಗೋಡೆ ಏಳುವಷ್ಟರಲ್ಲಿ, 2025ರ ಮಳೆಗಾಲದ ಹೊತ್ತಿಗೆ, ಜಿಲ್ಲೆಯಲ್ಲಿ ಕೆಂಪುಕಲ್ಲೂ ಸಿಗದಾಯಿತು. ಕಾಯದೆ, ಮೇಲಿನ ಅಂತಸ್ತಿಗೆ ಕಾಂಕ್ರೀಟ್ ಬ್ಲಾಕ್ ತರಿಸಿದೆ. ಕಾಲಂ-ಬೀಮಿನ ಚೌಕಟ್ಟು ಇದ್ದುದರಿಂದ ಅದು ಸಾಧ್ಯವಾಯಿತು, ಕಲ್ಲಿನ ಗೋಡೆಯ ಮೇಲೇ ಸ್ಲ್ಯಾಬ್ ಕೂರಿಸುವ ಹಳೆಯ ಕ್ರಮವಾಗಿದ್ದರೆ ಕೈಕಟ್ಟಿ ಕುಳಿತಿರಬೇಕಿತ್ತು. ಸಾರಣೆಯ ಹದ ಮಾತ್ರ ಎರಡಕ್ಕೂ ಬೇರೆ. ಕೆಂಪುಕಲ್ಲಿಗೆ ಹಿಂದಿನ ಸಂಜೆಯೇ ಹೊಟ್ಟೆತುಂಬ ನೀರುಣಿಸಬೇಕು. ಬ್ಲಾಕಿಗೆ ತೇವ ಸವರಿದರೆ ಸಾಕು, ಆದರೆ ಕಾಲಂ ಮತ್ತು ಬ್ಲಾಕ್ ಸೇರುವ ಗೆರೆಯ ಮೇಲೆ ಕೋಳಿಬಲೆ ಬಡಿಯದೆ ಮುಂದುವರಿಯಬಾರದು. ಮೊದಲ ಪದರಕ್ಕೂ ಎರಡನೆಯದಕ್ಕೂ ನಡುವೆ ನಾನು ಬಿಡುವ ಅಂತರವನ್ನು ಸೈಟಿಗೆ ಬಂದವರಿಗೆ ತೋರಿಸುತ್ತೇನೆ, ಬರೆದು ತಿಳಿಸುವಂಥದ್ದಲ್ಲ.

ಸೀಲಿಂಗಿನಲ್ಲಿ ಮಾತ್ರ ನಾನು ಇನ್ನೂ ಗೆದ್ದಿಲ್ಲ. ತಲೆಯ ಮೇಲೆ ಎಸೆದ ಎಂ-ಸ್ಯಾಂಡ್ ಸಾರಣೆಯಲ್ಲಿ ಅರ್ಧದಷ್ಟು ನೆಲಕ್ಕೆ ಉದುರುತ್ತದೆ, ಮೇಸ್ತ್ರಿಯ ದಿನವೂ ಹಾಳಾಗುತ್ತದೆ. ಈ ಮನೆಯ ಸೀಲಿಂಗಿಗೆಂದು ಬೇರೆ ಸೈಟಿನಲ್ಲಿ ಮಿಕ್ಕಿದ್ದ ಮೂವತ್ತು ಚೀಲ ಹೊಯ್ಗೆಯನ್ನು ಕೇಳಿ ತಂದು ಮುಗಿಸಿದೆ.